ಪಂಪಿನ ಮೇಲೆ ಇಟ್ಟ ಕೈ

ನನ್ನ ತಮ್ಮ ಅವತ್ತು ಫೋನಿನಲ್ಲಿ ಕೇಳಿದ್ದು ಒಂದೇ ಮಾತು. ಪಂಪು ಓಡುತ್ತಿದೆಯಾ, ಕೈಯಿಟ್ಟು ನೋಡಿ ಹೇಳು ಎಂದ. ನಾನು ಕೈಯಿಟ್ಟೆ. ಓಡುತ್ತಿರಲಿಲ್ಲ. ಅದನ್ನು ಅವನಿಗೆ ಹೇಳಲಿಲ್ಲ.

ಇದರಿಂದ ಯಾರ ಪ್ರಾಣವೂ ಹೋಗಲಿಲ್ಲ, ಯಾರ ಮನೆಯೂ ಸುಡಲಿಲ್ಲ. ಆದರೆ ಅವನು ಆಸೆಪಟ್ಟು ಕಲಿತ ಕೆಲಸವನ್ನು ಬಿಟ್ಟ. ತಾನು ಮುಟ್ಟಿದ್ದೆಲ್ಲ ಕೆಡುತ್ತದೆ ಎಂದು ನಂಬಿಕೊಂಡ. ಅದು ನಿಜವಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ. ಗೊತ್ತಿದ್ದೂ ಮೂರು ವರ್ಷ ಬಾಯಿ ಬಿಡಲಿಲ್ಲ.

ಮಳವಳ್ಳಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಅಪ್ಪನ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರಿನ ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹಾಕಿ ಒಣಗಿಸಿ ಕೊಡುವ ಕೆಲಸ. ನಾನು ಏಳನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಅಪ್ಪನ ಕಣ್ಣು ಮಂಜಾಯಿತು. ತಂತಿಯ ಸುತ್ತು ಎಣಿಸಲು ಒಬ್ಬರು ಬೇಕಾಯಿತು. ರಜೆಯಲ್ಲಿ ಎಣಿಸಲು ಕೂತವಳು ಶಾಲೆ ಬಾಗಿಲು ತೆಗೆದಾಗಲೂ ಎಣಿಸುತ್ತಲೇ ಇದ್ದೆ. ಎದ್ದು ಶಾಲೆಗೆ ಹೋಗು ಎಂದು ಯಾರೂ ಹೇಳಲಿಲ್ಲ, ನಾನೂ ಏಳಲಿಲ್ಲ. ತಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಆಗ ಅವನು ಅಂಗಡಿಯ ಮೂಲೆಯಲ್ಲಿ ತಂತಿಯ ತುಂಡುಗಳಿಂದ ಎತ್ತಿನ ಗಾಡಿ ಮಾಡಿ ಆಡುತ್ತಿದ್ದ.

ಕೆಟ್ಟ ಮೋಟಾರು ಬಂದರೆ ಅಪ್ಪ ಮೀಟರು ತೆಗೆಯುವ ಮೊದಲು ಒಂದು ಗಳಿಗೆ ಕರೆಂಟು ಕೊಟ್ಟು, ಅದರ ಮೈಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚುತ್ತಿದ್ದ. ಬೇರಿಂಗ್ ಸವೆದಿದ್ದರೆ ಮಣಿಕಟ್ಟಿನಲ್ಲಿ ಮರಳು ಅರೆದ ಹಾಗಾಗುತ್ತದೆ. ಒಳಗೆ ಒಂದು ಸುತ್ತು ಸತ್ತಿದ್ದರೆ ಮೋಟಾರು ತಿರುಗಲಾರದೆ ಮುಲುಗುತ್ತದೆ, ಆ ಮುಲುಗು ಮೊಣಕೈವರೆಗೂ ಏರುತ್ತದೆ. ನೀರಿಲ್ಲದೆ ಓಡುವ ಪಂಪು ಕೋಳಿಮರಿಯ ಹಾಗೆ ಹಗುರಾಗಿ ನಡುಗುತ್ತದೆ. ಅಪ್ಪ ಇದನ್ನು ಮಾತಿನಲ್ಲಿ ಕಲಿಸಲಿಲ್ಲ. ನನ್ನ ಕೈ ಹಿಡಿದು ಮೋಟಾರಿನ ಮೇಲಿಟ್ಟು, ಅದರ ಮೇಲೆ ತನ್ನ ಕೈಯಿಟ್ಟು ಒತ್ತಿ ಹಿಡಿಯುತ್ತಿದ್ದ. ನನಗೆ ತಿಳಿಯುವ ತನಕ ತೆಗೆಯುತ್ತಿರಲಿಲ್ಲ.

ಇನ್ನೊಂದು ಪದ್ಧತಿಯಿತ್ತು. ಕೈಗೆ ತಿಳಿದದ್ದನ್ನು ಮೋಟಾರು ತಂದವರು ಅಂಗಡಿಯ ಮೆಟ್ಟಿಲು ಇಳಿಯುವ ಮೊದಲೇ ಹೇಳಬೇಕು. ಹೇಳಿದ್ದನ್ನು ರಟ್ಟಿನ ಚೀಟಿಯ ಮೇಲೆ ಬರೆದು, ಮಿಕ್ಕ ತಂತಿಯಿಂದ ಮೋಟಾರಿನ ಕೊರಳಿಗೆ ಕಟ್ಟಬೇಕು. ‘ಬೇರಿಂಗ್ ಜಾಮ್.’ ‘ನೀರು ಒಳಗೆ ಹೋಗಿದೆ.’ ‘ಎರಡು ಕಾಯಿಲ್ ಸುಟ್ಟಿದೆ.’ ಬರೆಯುವ ಕೆಲಸ ನನ್ನದು. ಏಳನೇ ಕ್ಲಾಸಿನ ನನ್ನ ಅಕ್ಷರ ಮರೆತುಹೋಗದೆ ಉಳಿದದ್ದು ಈ ಚೀಟಿಗಳಿಂದ. ಒಂದು ಸಲ ಬರೆಯಲು ಬೇಜಾರಾಗಿ, ನೋಡದೆಯೇ ‘ಬೇರಿಂಗ್’ ಎಂದು ಗೀಚಿ ಕಟ್ಟಿಬಿಟ್ಟಿದ್ದೆ. ಅಪ್ಪ ಬಯ್ಯಲಿಲ್ಲ. ಚೀಟಿ ಬಿಚ್ಚಿ ನನ್ನ ಕೈಗೆ ಕೊಟ್ಟು ಹೇಳಿದ:

“ಸುಳ್ಳು ಚೀಟಿ ಕಟ್ಟುದ್ರೆ ಗದ್ದೆ ಒಣಗ್ತದೆ ಕಣವ್ವ. ನಮ್ದಲ್ಲ, ಅವುರ್ದು.”

ಅಪ್ಪ ಹೋದ ಮೇಲೆ ಅಂಗಡಿ ನನ್ನದಾಯಿತು. ಹೆಂಗಸು ಮೋಟಾರು ಬಿಚ್ಚುವುದನ್ನು ನೋಡಲು ಮೊದಮೊದಲು ಜನ ನಿಲ್ಲುತ್ತಿದ್ದರು. ಪೂರಿಗಾಲಿಯ ರೈತರೊಬ್ಬರು, “ಏನವ್ವಾ, ಮೋಟ್ರುಗೆ ಜ್ವರ ನೋಡ್ತಿದ್ದೀಯಾ?” ಎಂದು ನಗುತ್ತಿದ್ದರು. ಬಿಚ್ಚಿದ ಮೇಲೆ ನಾನು ಹೇಳಿದ್ದೇ ಒಳಗಿರುತ್ತಿತ್ತು. ಆಮೇಲೆ ಅವರೇ ಬೇರೆಯವರನ್ನು ಕರೆತರುತ್ತಿದ್ದರು.

ತಮ್ಮನಂತೂ ಮೋಟಾರಿನ ಹತ್ತಿರ ಸುಳಿಯಲಿಲ್ಲ. ವಾರ್ನಿಷ್ ವಾಸನೆಗೆ ಅವನಿಗೆ ತಲೆನೋವು. ಮಂಡ್ಯದ ಒಂದು ಸ್ಟುಡಿಯೋದಲ್ಲಿ ಲೈಟು ಹಿಡಿಯಲು ಸೇರಿಕೊಂಡು, ಆಮೇಲೆ ಕ್ಯಾಮೆರಾ ಹಿಡಿದು, ಕೊನೆಗೆ ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವ ಕೆಲಸಕ್ಕೆ ಕೂತ. ಮನೆಯ ಹಿಂದಿನ ಕೋಣೆಯಲ್ಲಿ ಅದಕ್ಕೆಂದು ಒಂದು ಕಂಪ್ಯೂಟರ್ ತಂದಿಟ್ಟ. ಯಾರೋ ಆಟ ಆಡಲು ಕಟ್ಟಿಸಿಕೊಂಡು, ಬೇಜಾರಾಗಿ ಮಾರಿದ್ದು. ಆನ್ ಮಾಡಿದರೆ ಒಳಗೆಲ್ಲ ಬಣ್ಣದ ದೀಪ. ತಂದ ದಿನ ಅವನು ನನ್ನನ್ನು ಅಂಗಡಿಯಿಂದ ಎಬ್ಬಿಸಿ ಕರೆದುಕೊಂಡು ಹೋದ.

“ನಿನ್ ನೆಂಟ ಒಬ್ಬ ಇದ್ರೊಳ್ಗೂ ಕುಂತವ್ನೆ ನೋಡಕ್ಕ.”

ಒಳಗೆ ಅಂಗೈಯಗಲದ ಒಂದು ದುಂಡನೆಯ ಡಬ್ಬಿ. ಅದರಿಂದ ಬೆರಳು ದಪ್ಪದ ಎರಡು ಕಪ್ಪು ಪೈಪು ಹೊರಟು, ಟ್ರ್ಯಾಕ್ಟರಿನ ರೇಡಿಯೇಟರಿನ ಮರಿಯಂಥ ಒಂದು ಜಾಲರಿಗೆ ಸೇರುತ್ತಿದ್ದವು. ಜಾಲರಿಯ ಬೆನ್ನಿಗೆ ಎರಡು ಫ್ಯಾನು. ಕಂಪ್ಯೂಟರಿಗೆ ಲೆಕ್ಕ ಮಾಡುವ ಒಂದು ಚಿಪ್ಪು ಇರುತ್ತದಂತೆ, ಕೆಲಸ ಮಾಡಿದಷ್ಟೂ ಅದು ಕಾಯುತ್ತದಂತೆ. ಡಬ್ಬಿ ಅದರ ನೆತ್ತಿಯ ಮೇಲೆ ಕೂತಿದೆ. ಡಬ್ಬಿಯೊಳಗಿನ ಪುಟ್ಟ ಪಂಪು ಬಿಸಿಯಾದ ನೀರನ್ನು ಜಾಲರಿಗೆ ತಳ್ಳುತ್ತದೆ, ಅಲ್ಲಿ ತಣ್ಣಗಾಗಿ ನೀರು ತಿರುಗಿ ಬರುತ್ತದೆ. ಲಿಕ್ವಿಡ್ ಕೂಲರ್ ಎಂದ. ನನಗೆ ಅರ್ಥವಾಗಲು ಅರ್ಧ ನಿಮಿಷ ಹಿಡಿಯಲಿಲ್ಲ. ನಾನು ಡಬ್ಬಿಯ ಮೇಲೆ ಅಂಗೈಯಿಟ್ಟೆ. ಮುಚ್ಚಿದ ಮುಷ್ಟಿಯೊಳಗೆ ಒಂದು ಜೇನುಹುಳು ಇದ್ದ ಹಾಗಿತ್ತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಚೆನ್ನಾಗಿದೆ ಎಂದೆ. ಅಷ್ಟಕ್ಕೇ ಅವನಿಗೆ ಹಿಗ್ಗು.

ಅಲ್ಲಿಂದಾಚೆ ದಿನಾ ಬೆಳಿಗ್ಗೆ ಅವನಿಗೆ ಕಾಫಿ ಕೊಡಲು ಹೋದಾಗ ಒಂದು ಸಲ ಡಬ್ಬಿಯ ಮೇಲೆ ಕೈಯಿಡುವುದು ರೂಢಿಯಾಯಿತು. ಪಕ್ಕದ ಮುಚ್ಚಳವನ್ನು ಅವನು ಹಾಕುತ್ತಲೇ ಇರಲಿಲ್ಲ. ಪರದೆಯಿಂದ ಕಣ್ಣು ಕೀಳದೆ, “ಎಂಗವ್ನೆ ನಿನ್ ನೆಂಟ?” ಎನ್ನುತ್ತಿದ್ದ. “ಉಸಾರಾಗವ್ನೆ ಬುಡು” ಎನ್ನುತ್ತಿದ್ದೆ. ಪಂಪಿನ ವೇಗವನ್ನು ಪರದೆಯ ಮೇಲೆ ತೋರಿಸುವ ಒಂದು ಸಣ್ಣ ತಂತಿ ಇರುತ್ತದಂತೆ. ನಮಗೆ ಬಂದಾಗಲೇ ಅದು ತುಂಡಾಗಿತ್ತು. ಜೋಡಿಸಿಕೊಡಲೇ ಎಂದು ಕೇಳಿದ್ದೆ. ನಿನ್ನ ಕೈ ಇರುವಾಗ ಆ ತಂತಿ ಯಾಕೆ ಎಂದಿದ್ದ.

ಆ ಕಂಪ್ಯೂಟರನ್ನು ಅವನು ಆರಿಸುತ್ತಿದ್ದುದೇ ಅಪರೂಪ. ಒಂದು ಮದುವೆಯ ಸಿನಿಮಾ ತಯಾರಾಗಿ ಹೊರಬರಲು ಗಂಟೆಗಟ್ಟಲೆ ಹಿಡಿಯುತ್ತಿತ್ತು. ಸಣ್ಣಪುಟ್ಟ ಹೊತ್ತು ಕರೆಂಟು ಹೋದರೆ ಯುಪಿಎಸ್ ನೋಡಿಕೊಳ್ಳುತ್ತಿತ್ತು. ಬಿಡುವಿಲ್ಲದೆ ಓಡುವ ಬೋರ್ ಮೋಟಾರು ತನ್ನ ಕಾಯಿಲೆಯನ್ನು ತೋರಿಸಿಕೊಳ್ಳುವುದಿಲ್ಲ, ಓಡುವಷ್ಟು ದಿನ ಓಡುತ್ತದೆ, ಒಂದೆರಡು ದಿನ ನಿಲ್ಲಿಸಿದರೆ ಮಾತ್ರ ಮತ್ತೆ ಏಳುವುದಿಲ್ಲ ಎಂದು ಅವನಿಗೆ ಹೇಳಿದ್ದೆ. ಇದು ಬೋರ್ ಅಲ್ಲ ಅಕ್ಕ ಎಂದು ನಕ್ಕಿದ್ದ.

ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರೇ. ನನಗೆ ಮದುವೆಯಾಗಿರಲಿಲ್ಲ. ಆ ಮಾತು ನಮ್ಮ ಮನೆಯಲ್ಲಿ ಯಾವಾಗ ನಿಂತಿತೋ ನನಗೂ ನೆನಪಿಲ್ಲ. ಮಧ್ಯಾಹ್ನ ಮುಂದಿನ ಕೋಣೆಯಲ್ಲಿ ನಾನು ತಂತಿ ಸುತ್ತುತ್ತಿದ್ದರೆ, ಹಿಂದಿನ ಕೋಣೆಯಿಂದ ಯಾರದೋ ಮದುವೆಯ ಓಲಗ ಕೇಳುತ್ತಿತ್ತು. ಒಂದೇ ಜಾಗವನ್ನು ಅವನು ಹತ್ತು ಸಲ ಹಾಕುತ್ತಿದ್ದ. ಯಾವ ಮದುವೆಯೋ, ಯಾರ ಮಗಳೋ. ನಾನು ಕಾಣದ ಮದುಮಗಳು ಅತ್ತದ್ದನ್ನು ದಿನಕ್ಕೆ ಹತ್ತು ಸಲ ಕೇಳುತ್ತಿದ್ದೆ. ಅಷ್ಟು ಸದ್ದು ಇದ್ದರೆ ನನಗೆ ಸಾಕಾಗಿತ್ತು.

ಒಂದು ದಿನ ಮುದ್ದೆ ಮುರಿಯುತ್ತಾ, ಮದ್ದೂರಿಗೆ ಹೋಗುತ್ತೇನೆ ಎಂದ. ಅಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಅವನ ಗೆಳೆಯನಿಗೆ ಒಂದು ಮಾಳಿಗೆ ಕೋಣೆ ಸಿಕ್ಕಿತ್ತು. ಇಬ್ಬರೂ ಸೇರಿ ಅಲ್ಲಿ ಎಡಿಟಿಂಗ್ ಕೋಣೆ ಮಾಡುವುದು. ಆ ಕಡೆ ಮಂಡ್ಯ, ಈ ಕಡೆ ಮಳವಳ್ಳಿ, ಎಲ್ಲ ಸ್ಟುಡಿಯೋದವರಿಗೂ ಹತ್ತಿರ. ಈ ಕಂಪ್ಯೂಟರೇ ಬಂಡವಾಳ. ಕೈಯಲ್ಲಿರುವ ಮಂಡ್ಯದ ದೊಡ್ಡ ಮದುವೆಯೊಂದನ್ನು ಮುಗಿಸಿಕೊಟ್ಟು ಹೊರಡುವುದು. ದಿನಾ ಹೋಗಿ ಬರಬಹುದಲ್ಲ ಎಂದೆ.

“ಕೆಲ್ಸ ಒತ್ತುಗೊತ್ತು ನೋಡಲ್ಲ ಕಣಕ್ಕ. ವಾರಕ್ಕೊಂದ್ಸಲ ಬತ್ತೀನಿ ಬುಡು.”

ನಾನು ಅವನು ಕೇಳದೆಯೇ ಇನ್ನರ್ಧ ಮುದ್ದೆ ಬಡಿಸಿದೆ. ಅವನು ತಲೆತಗ್ಗಿಸಿ ಅದನ್ನೂ ಉಂಡ. ತಟ್ಟೆ ತೊಳೆಯುವಾಗ, ಇನ್ನು ಮೇಲೆ ತೊಳೆಯಲು ಒಂದೇ ತಟ್ಟೆ ಎಂದು ತೋರಿತು. ಅಷ್ಟು ಸಣ್ಣ ವಿಷಯ. ತೊಳೆದ ತಟ್ಟೆಯನ್ನೇ ಮತ್ತೆ ತೊಳೆದೆ.

ಅದಾದ ವಾರದೊಳಗೆ ಅವನು ಕಂಪ್ಯೂಟರನ್ನು ಮೊದಲ ಸಲ ತಾನೇ ಬಿಚ್ಚಿದ. ಚಿಪ್ಪಿಗೂ ಪಂಪಿನ ಡಬ್ಬಿಗೂ ನಡುವೆ ಹಲ್ಲುಜ್ಜುವ ಪೇಸ್ಟಿನಂಥದ್ದೊಂದನ್ನು ಹಚ್ಚಿರುತ್ತಾರೆ. ಅದು ಒಣಗಿದರೆ ಬಿಸಿ ದಾಟುವುದಿಲ್ಲ. ಮದ್ದೂರಿಗೆ ಹೋಗುವ ಮೊದಲು ಹೊಸದು ಹಚ್ಚೋಣ ಎಂದು ಫೋನಿನಲ್ಲಿ ಯಾರೋ ಮಾಡಿದ್ದನ್ನು ನೋಡುತ್ತಾ ಹಚ್ಚಿದ. ನಾನು ಟಾರ್ಚು ಹಿಡಿದಿದ್ದೆ. ಮುಗಿಸಿ ಆನ್ ಮಾಡಿದಾಗ ಎಲ್ಲ ಸರಿಯಾಗಿತ್ತು. ನೆಂಟನೂ ಎದ್ದ. ನಿಂತದ್ದು ಒಂದು ಗಂಟೆಯೂ ಇರಲಿಲ್ಲ ನೋಡಿ, ಅದಕ್ಕೇ ಎದ್ದ.

ಎರಡು ದಿನ ಕಳೆದ ಮೇಲೆ ಗಾಳಿಮಳೆ ಬಂತು. ಲೈನಿನ ಮೇಲೆ ಮರ ಬಿದ್ದು, ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟು, ಒಂದೂವರೆ ದಿನ ಕರೆಂಟು ಇಲ್ಲ. ಯುಪಿಎಸ್ ಕೂಗಿ ಕೂಗಿ ಸುಮ್ಮನಾಯಿತು. ಮೂರನೆಯ ದಿನ ಬೆಳಿಗ್ಗೆ ಅವನು ಆ ದೊಡ್ಡ ಮದುವೆಯ ಉಳಿದ ಚಿತ್ರಗಳನ್ನು ತರಲು ಮಂಡ್ಯಕ್ಕೆ ಹೋದ. ಮದುವೆಯವರ ಬೀಗರ ಊಟಕ್ಕೆ ನಾಲ್ಕು ದಿನವಿತ್ತು. ಅಲ್ಲಿ ಚಪ್ಪರದಲ್ಲಿ ಪರದೆ ಕಟ್ಟಿ, ಎರಡೂ ಕಡೆಯ ನೆಂಟರೆದುರು ಸಿನಿಮಾ ತೋರಿಸುವುದೆಂದು ಗೊತ್ತಾಗಿತ್ತು.

ಹನ್ನೊಂದು ಗಂಟೆಯ ಹೊತ್ತಿಗೆ ಕರೆಂಟು ಬಂತು. ಸ್ವಲ್ಪ ಹೊತ್ತಿಗೆ ಅವನ ಫೋನು. ಮೆಷಿನ್ ಆನ್ ಮಾಡಿಡು, ನಾನು ಬರುವಷ್ಟರಲ್ಲಿ ಎದ್ದಿರಲಿ ಎಂದ. ಮಾಡಿದೆ. ದೀಪ ಬಂತು, ಫ್ಯಾನು ತಿರುಗಿತು. ರೂಢಿಯಂತೆ ಡಬ್ಬಿಯ ಮೇಲೆ ಕೈಯಿಟ್ಟೆ.

ಒಳಗೆ ಏನೂ ಇರಲಿಲ್ಲ. ಜೇನುಹುಳು ಇರಲಿಲ್ಲ. ಫ್ಯಾನಿನ ಅದುರು ಮಾತ್ರ ದೂರದಿಂದ ಬರುತ್ತಿತ್ತು. ಕೈ ತೆಗೆಯದೆ ನಿಂತೆ. ಡಬ್ಬಿ ಬಿಸಿಯಾಗುತ್ತಾ ಬಂತು. ಇನ್ನೊಂದು ಕೈಯಿಂದ ಜಾಲರಿ ಮುಟ್ಟಿದೆ, ಅದು ಕಲ್ಲಿನ ಹಾಗೆ ತಣ್ಣಗಿತ್ತು. ಬಿಸಿ ಇಲ್ಲೇ ಇದೆ, ಅಲ್ಲಿಗೆ ಹೋಗುತ್ತಿಲ್ಲ. ನೀರು ಕದಲುತ್ತಿಲ್ಲ. ಇದಕ್ಕೆ ಮೀಟರು ಬೇಕಿರಲಿಲ್ಲ. ಹೀಗೆ ನಿಂತು ಜಾಮ್ ಆದ ಬೋರ್ ಮೋಟಾರುಗಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೆ. ಸ್ಕ್ರೂಡ್ರೈವರಿನ ಹಿಡಿಯಿಂದ ನಾಲ್ಕು ಸಲ ಮೆಲ್ಲಗೆ ತಟ್ಟಿದರೆ ಎದ್ದರೂ ಏಳಬಹುದು ಎಂಬುದೂ ತಿಳಿದಿತ್ತು. ಅಷ್ಟರಲ್ಲಿ ಮೆಷಿನ್ ತಾನಾಗಿಯೇ ಆರಿಹೋಯಿತು.

ಫೋನು ಇನ್ನೂ ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡೇ ಇತ್ತು. ಆರಿಹೋಯಿತು ಎಂದೆ. ಅವನ ದನಿ ಸಣ್ಣದಾಯಿತು.

“ಪಂಪ್ ಓಡ್ತಾ ಐತಾ ಅಕ್ಕ? ಇನ್ನೊಂದ್ಸಲ ಆನ್ ಮಾಡಿ ಕೈ ಇಕ್ಕಿ ನೋಡು.”

ಮಾಡಿದೆ. ಇಟ್ಟೆ. ‘ನಿಂತೋಗೈತೆ’ ಎಂಬ ಮಾತು ನಾಲಿಗೆಯ ಮೇಲೇ ಇತ್ತು. ಅದೇ ಹೊತ್ತಿಗೆ ತಟ್ಟೆ ಕಣ್ಣಿಗೆ ಬಂತು, ಒಂದೇ ತಟ್ಟೆ. ಓಲಗವಿಲ್ಲದ ಮಧ್ಯಾಹ್ನಗಳು ಬಂದವು. ಒಂದು ವಾರ ತಡವಾದರೆ ಏನಾಗುತ್ತದೆ, ಆ ಗೆಳೆಯನ ಕೋಣೆ ಬೇರೆಯವರ ಪಾಲಾದರೆ ಒಳ್ಳೆಯದೇ ಆಯಿತಲ್ಲ ಎಂದು ಒಂದು ಯೋಚನೆ ಹಾವಿನ ಹಾಗೆ ಹಾದುಹೋಯಿತು.

“ಓಡ್ತಾ ಐತೆ ಕಣ್ಲಾ,” ಎಂದೆ. “ಪಂಪ್ ಚೆನ್ನಾಗೈತೆ.”

ಹಾಗಾದರೆ ಪೇಸ್ಟೇ, ನಾನೇ ಸರಿಯಾಗಿ ಹಚ್ಚಿಲ್ಲ ಎಂದ.

ಸಂಜೆ ಬಂದವನು ಬಟ್ಟೆ ಬದಲಿಸದೆ ಬಿಚ್ಚಲು ಕೂತ. ಪೇಸ್ಟು ಒರೆಸಿದ, ಹಚ್ಚಿದ, ಜೋಡಿಸಿದ. ಐದು ನಿಮಿಷಕ್ಕೆ ಆರಿತು. ಮತ್ತೆ ಬಿಚ್ಚಿದ. ನಾಲ್ಕನೆಯ ಸಲ ಆನ್ ಮಾಡಿ ತಾನೇ ಡಬ್ಬಿಯ ಮೇಲೆ ಕೈಯಿಟ್ಟ. ಫ್ಯಾನಿನ ಅದುರು ಅವನನ್ನು ಏಮಾರಿಸಿತು. ಅವನ ಕೈಗೆ ಯಾರೂ ಕಲಿಸಿರಲಿಲ್ಲವಲ್ಲ. ಆದರೂ ಸಂಶಯ. ತಿರುಗಿ ನನ್ನನ್ನು ನೋಡಿದ. ನಾನು ಹೋಗಿ ಅವನ ಎದುರೇ ಕೈಯಿಟ್ಟು, ಕಣ್ಣು ಕೂಡ ಮುಚ್ಚಿ, ಹೂಂ ಎಂದೆ. ಮೊದಲ ಸುಳ್ಳು ಬಾಯಿತಪ್ಪಿ ಬಂತು ಎಂದು ನನಗೆ ನಾನೇ ಹೇಳಿಕೊಂಡೇನು. ಇದಕ್ಕೆ ಆ ನೆಪವೂ ಇಲ್ಲ.

ಮಂಡ್ಯದ ರಿಪೇರಿಯವರಿಗೆ ಫೋನು ಮಾಡಿದ. ಅವರು ಕೇಳಿದ ಮೊದಲ ಪ್ರಶ್ನೆಯೇ ಪಂಪಿನದು. ನಮ್ಮ ಅಕ್ಕ ಕೈಯಿಟ್ಟು ನೋಡಿದ್ದಾರೆ, ವೈಂಡಿಂಗ್ ಅಂಗಡಿಯವರು, ಪಂಪು ಸರಿಯಾಗಿದೆ ಎಂದು ಅವನು ಹೆಮ್ಮೆಯಿಂದಲೇ ಹೇಳಿದ. ಹಾಗಾದರೆ ಚಿಪ್ಪೇ ಸುಟ್ಟಿರಬೇಕು, ಬಿಚ್ಚಿ ಜೋಡಿಸುವಾಗ ಏನೋ ಮಾಡಿದ್ದೀರಿ ಎಂದರಂತೆ. ಫೋನಿಟ್ಟ ಮೇಲೆ ಅವನು ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡ. ನಾನು ಬಾಗಿಲಲ್ಲಿ ನಿಂತಿದ್ದೆ. ಆಗಲಾದರೂ ಹೇಳಬಹುದಿತ್ತು. ಮೊದಲ ದಿನ ಹೇಳಿದ್ದರೆ ನಕ್ಕು ಮುಗಿಯುತ್ತಿತ್ತು. ಎರಡನೆಯ ದಿನ ಜಗಳವಾಗುತ್ತಿತ್ತು. ಮೂರನೆಯ ದಿನದ ಹೊತ್ತಿಗೆ ಅದು ನನ್ನಿಂದ ಎತ್ತಲಾಗದಷ್ಟು ಭಾರವಾಗಿತ್ತು.

ಗೆಳೆಯರೊಬ್ಬರ ಸಣ್ಣ ಲ್ಯಾಪ್‌ಟಾಪ್ ತಂದು ಅದರಲ್ಲಿ ಒದ್ದಾಡಿದ. ಅದು ಅಷ್ಟು ದೊಡ್ಡ ಕೆಲಸ ಎಳೆಯಲಿಲ್ಲ. ಬೀಗರ ಊಟದ ದಿನ ಚಪ್ಪರದಲ್ಲಿ ಪರದೆ ಖಾಲಿ ನಿಂತಿತ್ತಂತೆ. ಹೆಣ್ಣಿನ ತಂದೆ ಎಲೆ ಮುಂದೆ ಕೂತ ನೆಂಟರೆದುರೇ ಅವನಿಗೆ ಬೈದರಂತೆ. ಸ್ಟುಡಿಯೋದವರು ಮತ್ತೆ ಕೆಲಸ ಕೊಡಲಿಲ್ಲ. ಮೆಷಿನ್ ಇಲ್ಲದವನನ್ನು ಕಟ್ಟಿಕೊಂಡು ಮದ್ದೂರಿನ ಗೆಳೆಯ ತಾನೇ ಏನು ಮಾಡಿಯಾನು, ಬೇರೊಬ್ಬನನ್ನು ಸೇರಿಸಿಕೊಂಡ. ಕಂಪ್ಯೂಟರನ್ನು ಯಾರಿಗಾದರೂ ತೋರಿಸು ಎಂದು ನಾನು ಹೇಳಲಿಲ್ಲ. ತೋರಿಸಿದರೆ ನಿಜ ಹೊರಬರುತ್ತಿತ್ತು. ಅವನಿಗೂ ತೋರಿಸುವ ಮನಸ್ಸಿರಲಿಲ್ಲ. ನನ್ನ ಕೈಯಿಂದಲೇ ಹಾಳಾಯಿತು, ಇನ್ನು ಯಾರಿಗೆ ತೋರಿಸಲಿ ಎಂದು ಕೋಣೆಯ ಬಾಗಿಲು ಎಳೆದುಕೊಂಡ.

ಅಂತೂ ಅವನು ಮದ್ದೂರಿಗೆ ಹೋಗಲಿಲ್ಲ. ನಾನು ಬಯಸಿದ್ದು ಅದೇ ಅಲ್ಲವೇ. ದಿನಾ ಎರಡು ತಟ್ಟೆ ತೊಳೆದೆ. ಆದರೆ ಅವನು ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದ. ಸಾರಿಗೆ ಉಪ್ಪು ಮರೆತರೂ ಹೇಳುತ್ತಿರಲಿಲ್ಲ. ಹಿಂದಿನ ಕೋಣೆಯಿಂದ ಓಲಗ ಬರಲಿಲ್ಲ. ಬೆಳಿಗ್ಗೆ ಕಾಫಿ ಇಡಲು ಹೋದಾಗ ನನ್ನ ಕೈ ತಾನಾಗಿಯೇ ಆ ಡಬ್ಬಿಯ ಮೇಲೆ ಹೋಗುತ್ತಿತ್ತು, ಧೂಳು ಅಂಟುತ್ತಿತ್ತು, ಸೆರಗಿಗೆ ಒರೆಸಿಕೊಂಡು ಬರುತ್ತಿದ್ದೆ. ನೆಂಟ ಹೇಗಿದ್ದಾನೆ ಎಂದು ಅವನು ಕೇಳುತ್ತಿರಲಿಲ್ಲ. ಒಬ್ಬಳೇ ಇದ್ದಿದ್ದರೆ ಇಷ್ಟು ಒಂಟಿಯಾಗಿರುತ್ತಿರಲಿಲ್ಲವೇನೋ.

ಕೆಲವು ತಿಂಗಳಾದ ಮೇಲೆ ಅವನು ಮಂಡ್ಯದ ಒಂದು ಗೊಬ್ಬರದ ಡಿಪೋದಲ್ಲಿ ಮೂಟೆ ಇಳಿಸಿಕೊಳ್ಳುವ, ಏರಿಸಿ ಕಳಿಸುವ ಕೆಲಸಕ್ಕೆ ಸೇರಿದ. ಮೊದಲು ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಆಮೇಲೆ ಅಲ್ಲೇ ಒಂದು ಕೋಣೆ ಹಿಡಿದ. ಹೊರಡುವಾಗ ಕಂಪ್ಯೂಟರ್ ಕಡೆ ಕೈತೋರಿಸಿ, ಗುಜರಿಗೆ ಹಾಕಿಬಿಡಕ್ಕ ಎಂದ. ಹೋಗುವುದಂತೂ ಹೋದ. ತನಗೆ ಬೇಕಾದ ಕಡೆಗೆ ಹೋಗಲಿಲ್ಲ, ಅಷ್ಟೇ.

ಆ ದಿನಗಳಲ್ಲಿ ಅಂಗಡಿಯಲ್ಲಿ ನಾನು ಮೋಟಾರಿನ ಮೇಲೆ ಕೈಯಿಡುವುದನ್ನು ಬಿಟ್ಟೆ. ಬಂದದ್ದಕ್ಕೆಲ್ಲ ಮೊದಲೇ ಮೀಟರು ಹಚ್ಚುತ್ತಿದ್ದೆ. ಪೂರಿಗಾಲಿಯ ಆ ರೈತರು ಒಂದು ಸಲ ನಿಂತು ನೋಡಿದರು.

“ಕೈ ಇಕ್ಕಿ ನೋಡವ್ವಾ. ನಿಮ್ಮಪ್ಪ ಅಂಗೇ ನೋಡ್ತಿದ್ದ. ಆ ಮುಳ್ಳು ಏನೇಳ್ತದೆ?”

ಅಂಗೈ ಕುಯ್ದುಕೊಂಡಿದೆ ಎಂದೆ. ಅವರು ಅಂಗೈ ನೋಡಿದರು. ಅಲ್ಲಿ ಗಾಯವಿರಲಿಲ್ಲ. ಬೀಡಿ ಹಚ್ಚಲು ಹೊರಗೆ ಹೋದರು.

ಗುಜರಿಯವನು ಬೀದಿಯಲ್ಲಿ ಕೂಗಿಕೊಂಡು ಹೋದಾಗಲೆಲ್ಲ ನಾನು ಒಳಗೇ ಕೂತೆ. ಎರಡು ವರ್ಷ ಕಂಪ್ಯೂಟರ್ ಹಾಗೆಯೇ ಇತ್ತು. ಕಳೆದ ಬೇಸಿಗೆಯ ಒಂದು ಮಧ್ಯಾಹ್ನ, ಕರೆಂಟು ಇಲ್ಲದೆ ಕೆಲಸ ನಿಂತಿದ್ದಾಗ, ಹಿಂದಿನ ಕೋಣೆಗೆ ಹೋಗಿ ಕೂಲರನ್ನು ಬಿಚ್ಚಿ ತಂದು ಅಂಗಡಿಯ ಬಾಗಿಲ ಬೆಳಕಿಗೆ ಕೂತೆ. ಅಪ್ಪನ ಚಿಕ್ಕ ಸ್ಕ್ರೂಡ್ರೈವರಿನಿಂದ ಡಬ್ಬಿ ತೆರೆದೆ. ಹಳೆಯ ತಾಮ್ರದ ಹಂಡೆಯ ವಾಸನೆ ಬಂತು. ತಳದ ತಾಮ್ರದ ಸಣ್ಣ ಸಣ್ಣ ಗೀರುಗಳ ತುಂಬ ಹಸಿರು ಪಾಚಿಯಂಥ ಕೆಸರು. ನೀರು ತಳ್ಳುವ ಚಕ್ರ ಒಂದು ನಾಣ್ಯದಷ್ಟಿತ್ತು. ಅದೇ ಕೆಸರು ಗಟ್ಟಿಯಾಗಿ ಅದನ್ನು ಅದರ ಕಡ್ಡಿಗೆ ಅಂಟಿಸಿತ್ತು. ಉಗುರಿನಿಂದ ತಳ್ಳಿದೆ. ಟಕ್ ಎಂದು ಬಿಟ್ಟುಕೊಂಡಿತು. ಇನ್ನೊಂದು ಸಲ ತಳ್ಳಿದರೆ ಸಲೀಸಾಗಿ ತಿರುಗಿತು.

ಇಷ್ಟೇ ಇದ್ದದ್ದು.

ತಾಮ್ರವನ್ನು ಹುಣಸೆಹಣ್ಣು ಹಚ್ಚಿ ತೊಳೆದೆ. ಡಬ್ಬಿಯನ್ನು ಮತ್ತೆ ಮುಚ್ಚಿ, ಎರಡು ಪೈಪುಗಳನ್ನೂ ಗೇಣುದ್ದಕ್ಕೆ ಕತ್ತರಿಸಿ, ತುದಿಗಳನ್ನು ನೀರಿನ ಬೋಗುಣಿಗೆ ಇಳಿಸಿದೆ. ಗದ್ದೆಯ ಪಂಪಿಗೆ ಮಾಡುವಂತೆ ಮೊದಲು ಅದರೊಳಗೆ ನೀರು ತುಂಬಿಸಿ, ಅಂಗಡಿಯಲ್ಲಿದ್ದ ಬೈಕಿನ ಬ್ಯಾಟರಿಯಿಂದ ಎರಡು ತಂತಿ ಕೊಟ್ಟೆ. ಒಂದು ಪೈಪಿನಿಂದ ನೀರು ಹೊರಬಂತು. ಅಂಗೈಯಲ್ಲಿ ಜೇನುಹುಳು ಎದ್ದಿತು. ಕರೆಂಟು ಬಂದು ಬೀದಿಯ ಮನೆಗಳ ಟಿ.ವಿ. ಎಲ್ಲ ಮಾತಾಡಲು ಶುರುಮಾಡುವ ತನಕ ನಾನು ಅದನ್ನು ಹಿಡಿದುಕೊಂಡೇ ಕೂತಿದ್ದೆ. ಆಮೇಲೆ ರಟ್ಟು ಕತ್ತರಿಸಿ ಚೀಟಿ ಬರೆದೆ: ‘ಪಂಪು ಜಾಮ್. ಉಗುರಿಗೆ ಬಿಟ್ಟುಕೊಂಡಿತು. ಬೇರೆ ದೋಷ ಇಲ್ಲ.’ ತಂತಿಯಿಂದ ಕಟ್ಟಿದೆ. ಕಟ್ಟಿ, ಅಪ್ಪನ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದೆ. ಮಂಡ್ಯಕ್ಕೆ ಬಸ್ಸುಗಳಿದ್ದವು. ಫೋನಿತ್ತು. ಎರಡರ ತಂಟೆಗೂ ಹೋಗಲಿಲ್ಲ.

ಪಿತೃಪಕ್ಷಕ್ಕೆ ಅವನು ಬಂದ. ವರ್ಷಕ್ಕೆ ಆ ಒಂದು ದಿನ ತಪ್ಪಿಸುವುದಿಲ್ಲ. ಮಧ್ಯಾಹ್ನ ಅಪ್ಪ ಅವ್ವನ ಫೋಟೋದ ಮುಂದೆ ಎಡೆ ಇಟ್ಟೆವು. ಅಪ್ಪನಿಗೆ ಬಾಡು, ಒಂದು ಕಟ್ಟು ಬೀಡಿ. ಅವ್ವನಿಗೆ ಎಲೆ ಅಡಿಕೆ, ಕಡಲೆಪುರಿ. ಫೋಟೋದ ಮೇಲಿನ ಬಲ್ಬು ಮಿಣುಕು ಮಿಣುಕು ಎನ್ನುತ್ತಿತ್ತು. ನನ್ನ ಕೈಯೆಲ್ಲ ಎಣ್ಣೆ. ಆ ಹೋಲ್ಡರನ್ನು ಸ್ವಲ್ಪ ತಿರುಗಿಸು ಎಂದು ಅವನಿಗೆ ಹೇಳಿದೆ. ಅವನು ಕೈ ಎತ್ತಿ, ಹಾಗೆಯೇ ಇಳಿಸಿಬಿಟ್ಟ.

“ನನ್ ಕೈ ಬ್ಯಾಡ ಬುಡಕ್ಕ. ನಾ ಮುಟ್ಟುದ್ರೆ ಇರೋದೂ ಓಯ್ತದೆ. ಡಿಪೋದಲ್ಲೂ ಎಲ್ರುಗೂ ಗೊತ್ತು, ಫ್ಯಾನ್ ಸ್ವಿಚ್ಚೂ ಮುಟ್ಟುಸಲ್ಲ ನನ್ನ.”

ಹೇಳಿ ನಕ್ಕ. ಮೂರು ವರ್ಷದಲ್ಲಿ ಅವನು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅದೊಂದು ತಮಾಷೆಯ ಮಾತಾಗಿ ಅವನೊಳಗೆ ಕೂತುಬಿಟ್ಟಿತ್ತು. ಬೇರೆಯವರು ನಗುವ ಮೊದಲು ತಾನೇ ನಗುವುದನ್ನು ಕಲಿತಿದ್ದ.

ನಾನು ಎದ್ದು ಹೋಗಿ ಪೆಟ್ಟಿಗೆಯ ಬೀಗ ತೆಗೆದೆ. ಬ್ಯಾಟರಿ ತಂದೆ, ಬೋಗುಣಿಯಲ್ಲಿ ನೀರು ತಂದೆ. ಎಡೆಯ ಪಕ್ಕದಲ್ಲೇ ನೆಲದ ಮೇಲಿಟ್ಟು ತಂತಿ ಕೊಟ್ಟೆ. ನೀರು ಒಂದು ಪೈಪಿನಿಂದ ಏರಿ ಇನ್ನೊಂದರಿಂದ ಬೀಳತೊಡಗಿತು. ಅವನು ನೋಡುತ್ತಾ ನಿಂತ. ನಾನು ಅವನ ಕೈ ಹಿಡಿದು ಕೂರಿಸಿ, ಆ ಕೈಯನ್ನು ಡಬ್ಬಿಯ ಮೇಲಿಟ್ಟು, ಅದರ ಮೇಲೆ ನನ್ನ ಕೈಯಿಟ್ಟು ಒತ್ತಿ ಹಿಡಿದೆ. ಗೊಬ್ಬರದ ಮೂಟೆ ಹೊತ್ತು ಅವನ ಕೈ ಒರಟಾಗಿತ್ತು. ಸ್ವಲ್ಪ ಹೊತ್ತಿಗೆ ಅವನಿಗೆ ತಿಳಿಯಿತು. ಬೆರಳುಗಳು ಸಡಿಲವಾದದ್ದು ನನಗೆ ಗೊತ್ತಾಯಿತು.

ಇದು ಆ ಮೆಷಿನ್‌ದಾ ಎಂದು ಕೇಳಿದ. ಹೌದು ಎಂದೆ. ಚೀಟಿಯನ್ನು ತಿರುಗಿಸಿ ಓದಿದ. ಎರಡು ಸಲ ಓದಿದ. ಎಡೆಯ ಊದುಬತ್ತಿ ಅರ್ಧ ಉರಿದಿತ್ತು.

“ಯಾವಾಗ್ ಗೊತ್ತಾಯ್ತಕ್ಕ ಇದು?”

ಬೇಸಿಗೆಯಲ್ಲಿ ಬಿಚ್ಚಿದಾಗ ಎಂದರೆ ಅದು ಪೂರಾ ಸುಳ್ಳೂ ಅಲ್ಲ. ಆ ಉತ್ತರ ತಯಾರಾಗಿ ಬಾಯಿಗೆ ಬಂದೂ ಇತ್ತು. ಅವನು ಅದನ್ನು ನಂಬುತ್ತಿದ್ದ, ನಕ್ಕು ಊಟಕ್ಕೆ ಕೂರುತ್ತಿದ್ದ. ನಮ್ಮಿಬ್ಬರ ಕೈ ಕೆಳಗೆ ಪಂಪು ಓಡುತ್ತಲೇ ಇತ್ತು. ನಾನು ಕೈ ತೆಗೆಯಲಿಲ್ಲ.

“ಅವತ್ತೇ ಗೊತ್ತಿತ್ತು ಕಣ್ಲಾ. ನೀ ಫೋನ್ ಮಾಡ್ದಾಗ್ಲೇ ಪಂಪ್ ನಿಂತಿತ್ತು. ಓಡ್ತಾ ಐತೆ ಅಂತ ಸುಳ್ಳೇಳ್ದೆ. ನೀ ಮದ್ದೂರ್‌ಗೆ ಓಗ್ಬುಟ್ರೆ ನಾನೊಬ್ಳೇ ಆಯ್ತೀನಿ ಅಂತ ಏಳ್ದೆ. ನೀ ಪೇಸ್ಟ್ ಸರ್ಯಾಗೇ ಅಚ್ಚಿದ್ದೆ. ನಿನ್ ಕೈಲಿ ಯಾವ್ ತಪ್ಪೂ ಇರ್ಲಿಲ್ಲ. ತಪ್ಪು ನಂದು. ತಪ್ಪಾಯ್ತು ಕಣಪ್ಪ, ನನ್ನಿಂದ ತಪ್ಪಾಯ್ತು.”